ಬಾಡಿದೆ ಎಂದರೆ ಬಾಯಾರಿದೆ ಎಂದಲ್ಲ

ಸೊರಗಿದ ಬೋನ್ಸಾಯ್ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಎಲೆ ಜೋತುಬಿದ್ದದ್ದು ಕಂಡ ದಿನ ಏನು ಮಾಡಿದಿರಿ? ‘ನೀರು ಹಾಕಿದೆವು ಸರ್.’ ಮರುದಿನ? ‘ಇನ್ನೂ ಬಾಡಿಯೇ ಇತ್ತು, ಇನ್ನೊಂದು ಲೋಟ ಹಾಕಿದೆವು.’ ಅಷ್ಟರಲ್ಲಿ ನನ್ನ ಬೆರಳು ಕುಂಡದ ಮಣ್ಣಿನಲ್ಲಿರುತ್ತದೆ. ಒತ್ತಿದರೆ ನೀರು ಜಿನುಗುತ್ತದೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಕಳುಹಿಸಿದವರೇ ಮರುವರ್ಷ ಇನ್ನೊಂದು ಗಿಡದೊಂದಿಗೆ ಬಂದಾಗ ನಿಜಕ್ಕೂ ಬೇಸರವಾಗುತ್ತದೆ. ಆದ್ದರಿಂದ ಈ ಸಲ ಬೇರೆಲ್ಲ ಬಿಟ್ಟು ಇದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಬೇರು ನೀರು ಹೀರುತ್ತದೆ ಎಂದು ಎಲ್ಲರಿಗೂ ಗೊತ್ತು. ಬೇರು ಉಸಿರಾಡುತ್ತದೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಅದಕ್ಕೆ ಬೇಕಾದ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಸಂದುಗಳಿಂದ ಬರಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಂದುಗಳಲ್ಲಿ ದಿನಗಟ್ಟಲೆ ನೀರು ನಿಂತರೆ ಬೇರಿನ ತುದಿಗಳು ಉಸಿರುಕಟ್ಟಿ ಸಾಯುತ್ತವೆ. ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳಿಗೆ ಬೇಕಾದದ್ದು ಇಂಥ ಒದ್ದೆಯೇ. ಮೇಲೆ ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ, ಕೆಳಗೆ ಹೀರುವ ಬೇರು ಉಳಿದಿಲ್ಲ. ಹೀಗೆ ಗಿಡ ನೀರಿನಲ್ಲಿ ನಿಂತೇ ಬಾಡುತ್ತದೆ. ಹೊರನೋಟಕ್ಕೆ ಇದೂ ಬಾಯಾರಿಕೆಯೂ ಒಂದೇ ಥರ ಕಾಣುತ್ತವೆ. ಇವೆರಡನ್ನು ಬೇರ್ಪಡಿಸುವುದು ಎಲೆಯಲ್ಲ, ಮಣ್ಣು.

‘ತಳದಲ್ಲಿ ತೂತುಗಳಿವೆಯಲ್ಲ, ಹೆಚ್ಚಾದ ನೀರು ಹರಿದುಹೋಗುವುದಿಲ್ಲವೇ?’ ಎಂದು ಕೇಳುತ್ತಾರೆ. ಪಾತ್ರೆ ತೊಳೆಯುವ, ಇಟ್ಟಿಗೆಯಾಕಾರದ ಸ್ಪಾಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ, ಹಿಂಡದೆ, ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಾಂಜು ಬದಲಾಗಲಿಲ್ಲ, ಅದರ ಎತ್ತರ ಬದಲಾಯಿತು. ಕುಂಡದ ಮಣ್ಣೂ ಹೀಗೆಯೇ. ತೂತು ಎಷ್ಟೇ ದೊಡ್ಡದಿರಲಿ, ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಉಳಿಯುತ್ತದೆ. ಆ ಪದರದ ದಪ್ಪವನ್ನು ತೀರ್ಮಾನಿಸುವುದು ಕುಂಡದ ಆಳವಲ್ಲ, ಮಣ್ಣಿನ ಕಣಗಳ ಗಾತ್ರ. ಆಳವಾದ ಕುಂಡದಲ್ಲಿ ಅದರ ಮೇಲೆ ಗಾಳಿಯಾಡುವ ಜಾಗ ಬೇಕಾದಷ್ಟಿರುತ್ತದೆ. ಬೋನ್ಸಾಯ್ ತಟ್ಟೆಯ ಆಳ ಕೆಲವೊಮ್ಮೆ ನಾಲ್ಕೈದು ಸೆಂಟಿಮೀಟರ್ ಅಷ್ಟೇ. ನುಣುಪಾದ ತೋಟದ ಮಣ್ಣು ತುಂಬಿದರೆ ತಟ್ಟೆಗೆ ತಟ್ಟೆಯೇ ಆ ಪದರವಾಗಿಬಿಡುತ್ತದೆ. ತಳಕ್ಕೆ ಜಲ್ಲಿ ಹಾಸುವುದರಿಂದಲೂ ಪ್ರಯೋಜನವಿಲ್ಲ: ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರಿ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಹೀಗಾಗಿಯೇ ನಾವು 3ರಿಂದ 6 ಮಿಲಿಮೀಟರ್‌ನ ಕಾಳುಗಳನ್ನು, ಅವು ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಾಗಲಿ, ಲಾವಾ ಕಲ್ಲಾಗಲಿ, ಇಟ್ಟಿಗೆ ಚೂರಾಗಲಿ, ಜರಡಿ ಹಿಡಿದು ದೂಳು ತೆಗೆದು ಬಳಸುವುದು.

ಒಂದು ಮನೆಯ ಫೈಕಸ್ (ಆಲ, ಅತ್ತಿಗಳ ಕುಲದ ಗಿಡ) ನೆನಪಾಗುತ್ತದೆ. ಬೆಳಿಗ್ಗೆ ತಾಯಿ, ಮಧ್ಯಾಹ್ನ ಮಗ, ರಾತ್ರಿ ಮಲಗುವ ಮುನ್ನ ತಂದೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಒಂದೊಂದು ಲೋಟ ನೀರು ಹಾಕುತ್ತಿದ್ದರು. ನನ್ನ ಮುಂದೆಯೇ ಆ ಸಂಗತಿ ಹೊರಬಿದ್ದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರನ್ನು ಗದರಲು ಮನಸ್ಸು ಬರಲಿಲ್ಲ. ಇದಕ್ಕೆ ಬದಲಾಗಿ, ಕಣ್ಣು ಮಂಜಾದ ಒಬ್ಬ ಹಿರಿಯರಿದ್ದಾರೆ. ದಿನವೂ ಬೆಳಿಗ್ಗೆ ಕುಂಡವನ್ನು ಎರಡೂ ಕೈಗಳಲ್ಲಿ ಎತ್ತಿ, ಹಗುರವೆನಿಸಿದರೆ ಮಾತ್ರ ನೀರುಣಿಸುತ್ತಾರೆ. ಅವರ ಮರದ ಬೇರು ಕೊಳೆತದ್ದನ್ನು ನಾನು ಕಂಡಿಲ್ಲ. ಎತ್ತಲಾಗದಷ್ಟು ಭಾರದ ಕುಂಡವಾದರೆ ಒಣ ಮರದ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ.

ಮಣ್ಣು ನಿಜಕ್ಕೂ ಒಣಗಿದ್ದರೆ ಕುಂಡವನ್ನೇ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಿರಿ. ಪೀಟ್ (ಜೌಗುನೆಲದ ಅರೆಕೊಳೆತ ಸಸ್ಯಾಂಶ) ಬೆರೆತ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಮೇಲೆ ಸುರಿದ ನೀರು ಒಳಗಿಳಿಯದೆ ಅಂಚಿನಿಂದ ಜಾರಿಹೋಗುತ್ತದೆ. ಮಣ್ಣಿನ ಮೇಲೆ ಬೆಣಚುಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದರೆ ಕಿತ್ತು ಬಿಸಾಡಿ.

ಒದ್ದೆಯಿದ್ದು ಬಾಡಿದ್ದರೆ ಮೊದಲು ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಆ ರೆಂಬೆಗೆ ಜೀವವಿದೆ. ಈ ಪರೀಕ್ಷೆಯನ್ನು ಜುನಿಪರ್‌ನಲ್ಲಿ (ಪೈನ್‌ನಂತೆ ಶಂಕುಧಾರಿ ಮರ) ಎಲೆಯ ಬಣ್ಣ ನೋಡಿ ಮಾಡಬೇಡಿ. ಅದು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಅಷ್ಟಕ್ಕೂ ಜುನಿಪರ್, ಪೈನ್‌ಗಳು ಮನೆಯೊಳಗಿನ ಮರಗಳೇ ಅಲ್ಲ. 1625ರಿಂದ ಬೋನ್ಸಾಯ್ ಆಗಿ ಬೆಳೆದು ಬಂದ ಯಮಾಕಿ ಪೈನ್, 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನ ಬಯಲಿನಲ್ಲಿ, ನರ್ಸರಿಯ ಗೋಡೆಯ ಮರೆಯಲ್ಲಿತ್ತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಅಂಥ ಜಾತಿಯ ಮರವನ್ನು ಟೀಪಾಯಿಯ ಮೇಲಿಟ್ಟು ಕಾಪಾಡಿಕೊಡಿ ಎಂದರೆ ನನ್ನಿಂದ ಆಗದು.

ಜೀವವಿದ್ದರೆ ಗಿಡವನ್ನು ಕುಂಡದಿಂದ ಬಿಡಿಸಿ ಬೇರು ನೋಡಬೇಕು. ಆರೋಗ್ಯವಾದ ಬೇರು ಗಟ್ಟಿ. ಕೊಳೆತದ್ದು ಕಪ್ಪಾಗಿ ಮೆತ್ತಗಿರುತ್ತದೆ, ನಾರುತ್ತದೆ, ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಶುದ್ಧವಾದ ಕತ್ತರಿಯಿಂದ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ಹಳೆಯ ಕೆಸರು ತೊಳೆದು, ಕಾಳುಕಾಳಾದ ಮಿಶ್ರಣದಲ್ಲಿ ನೆಡಿ. ಕುಂಡ ದೊಡ್ಡದು ಬೇಡ: ಬೇರು ಕಡಿಮೆಯಾದ ಗಿಡಕ್ಕೆ ಹೆಚ್ಚು ಮಣ್ಣು ಕೊಟ್ಟರೆ ಹೀರುವವರಿಲ್ಲದೆ ಅದು ಒದ್ದೆಯಾಗಿಯೇ ಕೂರುತ್ತದೆ. ಗಿಡವನ್ನು ತಂತಿಯಿಂದ ಕುಂಡಕ್ಕೆ ಬಿಗಿಯಿರಿ, ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಜೇಡ್ ಗಿಡಕ್ಕಾದರೆ ಗಾಯ ಒಣಗಲು ಕೆಲವು ದಿನ ನೀರೇ ಬೇಡ. ಉಳಿದವಕ್ಕೆ ಒಮ್ಮೆ ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ನೇರ ಬಿಸಿಲು ತಾಗದ ಬೆಳಕಿನ ಕಿಟಕಿಯ ಬಳಿ ಇಡಿ. ಕೋಣೆಯ ನಡುವೆ ನಮ್ಮ ಕಣ್ಣಿಗೆ ಸಾಕೆನಿಸುವ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆಯ ಮಾನ) ಇದ್ದರೆ ಹೆಚ್ಚು, ಹೊರಗಿನ ನಡುಹಗಲ ಬಿಸಿಲು 1,00,000 ಲಕ್ಸ್ ಸಮೀಪ.

ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಫೋಟೋ ನೋಡಿ ಹೇಳಿ ಎಂದರೂ ಹೇಳುವುದಿಲ್ಲ. ಎಲೆ ಉದುರಲು ನುಸಿ, ಶಲ್ಕ ಕೀಟಗಳೂ ಕಾರಣವಿರಬಹುದು, ಫೈಕಸ್ ಬರೀ ಜಾಗ ಬದಲಿಸಿದ್ದಕ್ಕೇ ಎಲೆ ಉದುರಿಸಬಹುದು. ಆದರೆ ಕಾಯುವ ಈ ವಾರಗಳಲ್ಲಿ ದಯವಿಟ್ಟು ಗೊಬ್ಬರ ಹಾಕಬೇಡಿ. ಗಾಯಗೊಂಡ ಬೇರಿಗೆ ಅದರ ಲವಣ ಉರಿ ತರುತ್ತದೆ. ವಾರಕ್ಕೊಮ್ಮೆ ಕಿತ್ತು ನೋಡಬೇಡಿ. ಹೊಸ ಚಿಗುರು ಬಿಚ್ಚಿ ಎಲೆ ಗಟ್ಟಿಯಾದ ಮೇಲೆ, ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಗೊಬ್ಬರವನ್ನು, ಮಣ್ಣು ಮೊದಲೇ ತುಸು ತೇವವಿದ್ದಾಗ ಕೊಡಿ.