ಗೋಪುರದಲ್ಲಿ ಸತ್ತ ಹುಡುಗ ಯಾರು? ಇನ್ನೂರು ವರ್ಷ ಕಾಡಿದ ಅನುಮಾನದ ಕಥೆ

2004ರ ಜೂನ್ 8ರಂದು ಪ್ಯಾರಿಸ್ ಹೊರವಲಯದ ಸೇಂಟ್ ಡೆನಿ ಚರ್ಚಿನಲ್ಲಿ, ಸ್ಫಟಿಕದ ಪಾತ್ರೆಯಲ್ಲಿಟ್ಟಿದ್ದ ಪುಟ್ಟ ಹೃದಯವೊಂದಕ್ಕೆ ಅಂತ್ಯಸಂಸ್ಕಾರ ನಡೆಯಿತು. ಒಣಗಿ ಕಲ್ಲಿನಂತಾಗಿದ್ದ ಆ ಹೃದಯ ಬಡಿತ ನಿಲ್ಲಿಸಿ ಅಂದಿಗೆ ಸರಿಯಾಗಿ 209 ವರ್ಷ.

ಹುಡುಗನ ಹೆಸರು ಲೂಯಿ ಶಾರ್ಲ್. 1785ರ ಮಾರ್ಚ್ 27ರಂದು ವರ್ಸೇಲ್ಸ್ ಅರಮನೆಯಲ್ಲಿ ಹುಟ್ಟಿದವನು; ಫ್ರಾನ್ಸಿನ ದೊರೆ 16ನೇ ಲೂಯಿ ಮತ್ತು ರಾಣಿ ಮರಿ ಆಂಟೊನೆಟ್ ಅವರ ಎರಡನೇ ಮಗ. 1788ರ ಆಗಸ್ಟ್ 10ರಂದು ನಮ್ಮ ಟಿಪ್ಪು ಸುಲ್ತಾನ್ ಕಳುಹಿಸಿದ ಮೂವರು ರಾಯಭಾರಿಗಳು ಬ್ರಿಟಿಷರ ವಿರುದ್ಧ ನೆರವು ಕೇಳಲು ಅದೇ ಅರಮನೆಯಲ್ಲಿ ದೊರೆಯನ್ನು ಕಂಡಾಗ ಈ ಮಗುವಿಗೆ ಮೂರು ವರ್ಷ. ಮರುವರ್ಷ ಅಣ್ಣ ಕ್ಷಯದಿಂದ ತೀರಿಕೊಂಡ, ಇವನು ಯುವರಾಜನಾದ. ಆ ಭೇಟಿಗೆ ನಾಲ್ಕು ವರ್ಷ ತುಂಬಿದ ದಿನವೇ, 1792ರ ಆಗಸ್ಟ್ 10ರಂದು, ಫ್ರೆಂಚ್ ಕ್ರಾಂತಿಯ ನಡುವೆ ಜನ ರಾಜಕುಟುಂಬವಿದ್ದ ಪ್ಯಾರಿಸ್‌ನ ಟ್ವಿಲರಿ ಅರಮನೆಗೆ ನುಗ್ಗಿದರು. ಮೂರು ದಿನದ ಬಳಿಕ ಇಡೀ ಕುಟುಂಬ ಟೆಂಪಲ್ ಕೋಟೆಯ ಗೋಪುರದಲ್ಲಿ ಸೆರೆಯಾಯಿತು.

1793ರ ಜನವರಿಯಲ್ಲಿ ತಂದೆಯ ತಲೆ ಉರುಳಿತು. ಅರಸೊತ್ತಿಗೆಯ ನಿಷ್ಠರಿಗೆ ಬಾಲಕ ಅಂದಿನಿಂದ 17ನೇ ಲೂಯಿ. ಅವನಿಗೆ ಬಂದ ಅಪಾಯವೆಲ್ಲ ಈ ಹೆಸರಿನಿಂದಲೇ. ಜುಲೈ 3ರ ರಾತ್ರಿ ಅವನನ್ನು ತಾಯಿಯ ಮಡಿಲಿನಿಂದ ಕಿತ್ತು ಚಮ್ಮಾರ ಆಂಟ್ವಾನ್ ಸಿಮೊನ್‌ನ ವಶಕ್ಕೆ ಕೊಟ್ಟರು. ಗೋಪುರದ ಮೇಲೆ ಗಾಳಿ ಸೇವನೆಗೆ ಹೋಗುವ ಮಗ ಒಂದು ಗಳಿಗೆ ಕಂಡಾನೆಂದು ತಾಯಿ ಗೋಡೆಯ ಬಿರುಕಿಗೆ ಕಣ್ಣಿಟ್ಟು ಗಂಟೆಗಟ್ಟಲೆ ಕಾಯುತ್ತಿದ್ದಳೆಂದು ಅವನ ಅಕ್ಕ ಮರಿ ತೆರೇಸ್ ಬರೆದಿದ್ದಾಳೆ. ಅದೇ ಅಕ್ಟೋಬರ್‌ನಲ್ಲಿ, ಆ ತಾಯಿಯ ಮೇಲೆಯೇ ಬಾಯಲ್ಲಿ ಹೇಳಲಾಗದ ಆರೋಪ ಬರೆದು ಎಂಟು ವರ್ಷದ ಮಗನಿಂದ ಸಹಿ ಹಾಕಿಸಿದರು. ಕ್ರಾಂತಿಯ ಆದರ್ಶಗಳನ್ನು ಎಷ್ಟೇ ಗೌರವಿಸಿದರೂ ಈ ಒಂದು ಕೃತ್ಯವನ್ನು ನನಗೆ ಕ್ಷಮಿಸಲಾಗುವುದಿಲ್ಲ. ನ್ಯಾಯಾಲಯದಲ್ಲಿ ರಾಣಿ ಅದಕ್ಕೆ ಉತ್ತರವಾಗಿ ಅಲ್ಲಿದ್ದ ತಾಯಂದಿರೆಲ್ಲರಿಗೂ ಮೊರೆಯಿಟ್ಟಳು. ಅಕ್ಟೋಬರ್ 16ರಂದು ಅವಳನ್ನೂ ಕೊಂದರು.

ಅನುಮಾನದ ಬೇರು ಇರುವುದು ಮುಂದಿನ ತಿಂಗಳುಗಳಲ್ಲಿ. 1794ರ ಜನವರಿಯಲ್ಲಿ ಸಿಮೊನ್ ಹೊರಟುಹೋದ ಮೇಲೆ ಹುಡುಗನನ್ನು ಸುಮಾರು ಆರು ತಿಂಗಳು ಒಂಟಿಯಾಗಿ ಕೂಡಿಹಾಕಿದರು. ಅವನನ್ನು ಬಲ್ಲವರು ಯಾರೂ ಅವನ ಮುಖ ನೋಡಲಿಲ್ಲ. ಜುಲೈ ಕೊನೆಯಲ್ಲಿ ಕ್ರಾಂತಿಯ ಮುಖಂಡ ರೋಬೆಸ್ಪಿಯರ್ ಪತನವಾದಾಗ ಬಾಗಿಲು ತೆರೆದವರು ಕಂಡದ್ದು ಮೊಣಕಾಲು ಊದಿದ ರೋಗಿಯನ್ನು. ಮರುವರ್ಷ ಚಿಕಿತ್ಸೆಗೆ ಬಂದ ವೈದ್ಯ ದೆಸೋ ಜೂನ್ 1ರಂದು ಹಠಾತ್ತಾಗಿ ಸತ್ತ. ವಾರದೊಳಗೆ, 8ರಂದು, ಬಾಲಕನೂ ಸತ್ತ. ಅದೇ ಗೋಪುರದಲ್ಲಿದ್ದ ಅಕ್ಕನಿಗೂ ಶವ ತೋರಿಸಲಿಲ್ಲ. ಗುರುತಿನ ಕಲ್ಲೂ ಇಲ್ಲದೆ ಸೇಂಟ್ ಮಾರ್ಗರೀತ್ ಸ್ಮಶಾನದಲ್ಲಿ ಹೂಳಿದರು.

ಇಷ್ಟಾದ ಮೇಲೆ ಗುಲ್ಲು ಹುಟ್ಟದಿದ್ದೀತೇ? ಸತ್ತವನು ಬೇರೆ ಹುಡುಗ, ಯುವರಾಜನನ್ನು ಯಾರೋ ಪಾರುಮಾಡಿದ್ದಾರೆ ಎಂಬ ಮಾತು ಯುರೋಪ್ ದಾಟಿ ಅಮೆರಿಕದವರೆಗೂ ಹೋಯಿತು. ನಾನೇ ಆ ಯುವರಾಜ ಎಂದು ಹತ್ತಾರು ಮಂದಿ ಎದ್ದು ನಿಂತರು. ಅವರಲ್ಲಿ ನೌನ್‌ಡೋರ್ಫ್ ಎಂಬ ಗಡಿಯಾರದ ಕಸುಬಿನವನು 1845ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸತ್ತಾಗ ಗೋರಿಯ ಮೇಲೆ 17ನೇ ಲೂಯಿ ಎಂದೇ ಕೆತ್ತಿಸಿದರು.

ಒಗಟಿನ ಕೀಲಿ ಮಾತ್ರ ಒಬ್ಬ ವೈದ್ಯನ ಜೇಬಿನಲ್ಲಿತ್ತು. ಶವಪರೀಕ್ಷೆ ಮಾಡಿದ ಪೆಲ್ತಾನ್ ಹೃದಯವನ್ನು ಕರವಸ್ತ್ರದಲ್ಲಿ ಸುತ್ತಿ ಗುಟ್ಟಾಗಿ ಹೊರಗೆ ತಂದಿದ್ದ. ಮದ್ಯಸಾರದಲ್ಲಿಟ್ಟು ಕಾಪಾಡಿದ ಅದನ್ನು ಶಿಷ್ಯನೊಬ್ಬ ಕದ್ದ, ಮತ್ತೆ ಮರಳಿತು. 1830ರ ದಂಗೆಯಲ್ಲಿ ಪಾತ್ರೆ ಒಡೆದುಹೋದಾಗ ಪೆಲ್ತಾನ್‌ನ ಮಗ ಅದನ್ನು ಹುಡುಕಿ ತೆಗೆದ. ಮುಂದೆ ಆಸ್ಟ್ರಿಯಾಕ್ಕೆ ಹೋಗಿ, 1975ರಲ್ಲಿ ಸೇಂಟ್ ಡೆನಿಗೆ ಬಂತು.

2000ದಲ್ಲಿ ಬೆಲ್ಜಿಯಂ ಮತ್ತು ಜರ್ಮನಿಯ ಪ್ರಯೋಗಾಲಯಗಳು ಅದರ ಚೂರುಗಳನ್ನು ಪರೀಕ್ಷಿಸಿದವು. ತಾಯಿಯಿಂದ ಮಾತ್ರ ಬರುವ ಡಿಎನ್‌ಎ ಮರಿ ಆಂಟೊನೆಟ್ ವಂಶದ ಕೂದಲಿಗೆ ಹೊಂದಿಕೆಯಾಯಿತು. ಇದು ಅಣ್ಣನ ಹೃದಯ ಏಕಾಗಬಾರದು ಎಂದು ಕೆಲವರು ಕೇಳಿದರು. ಅಣ್ಣನದು ರಾಜಮರ್ಯಾದೆಯಂತೆ ಲೇಪನ ಮಾಡಿದ ಹೃದಯ. ಇದಕ್ಕೆ ಆ ಸಂಸ್ಕಾರವೇ ಆಗಿರಲಿಲ್ಲ.

ಈಗ ಹೃದಯ ತಂದೆ ತಾಯಿಯ ಅಸ್ಥಿಗಳಿರುವ ಚರ್ಚಿನಲ್ಲಿದೆ. ಸೇಂಟ್ ಮಾರ್ಗರೀತ್‌ನಲ್ಲಿ 1846ರಲ್ಲೂ 1894ರಲ್ಲೂ ಅವನದೆಂದು ಅಗೆದು ತೆಗೆದ ಎಲುಬುಗಳು ಇನ್ನೂ ದೊಡ್ಡ ವಯಸ್ಸಿನವನವು ಎಂದು ತಿಳಿಯಿತು. ಹುಡುಗನ ದೇಹ ಇಂದಿಗೂ ಸಿಕ್ಕಿಲ್ಲ.