ಪ್ರಾಯೋಜಕತ್ವ: ಹಿಮದ ಮೇಲೆ ಬರೆದ ಹೆಸರುಗಳು

ಅಂಟಾರ್ಕ್ಟಿಕಾದ ನಕ್ಷೆಯಲ್ಲಿ ‘ಹಾರ್ಲಿಕ್ ಪರ್ವತಗಳು’ ಅಂತ ಒಂದು ಬೆಟ್ಟಸಾಲು ಇದೆ. ಹೌದು, ನಾವು ಹಾಲಿಗೆ ಬೆರೆಸಿ ಕುಡಿಯುವ ಅದೇ ಹಾರ್ಲಿಕ್ಸ್! ಆ ಕಂಪನಿ ಕಟ್ಟಿದ ಸೋದರರಲ್ಲಿ ಒಬ್ಬರಾದ ವಿಲಿಯಂ ಹಾರ್ಲಿಕ್, ಅಮೆರಿಕದ ರಿಚರ್ಡ್ ಬರ್ಡ್ ಅವರ 1933–35ರ ಅಂಟಾರ್ಕ್ಟಿಕಾ ಯಾನಕ್ಕೆ ನೆರವಾಗಿದ್ದರು. ಬರ್ಡ್ ಈ ಹಾರ್ಲಿಕ್ ಹೆಸರನ್ನು ಒಂದು ವಿಮಾನಕ್ಕೂ ಇಟ್ಟರು, ಬೆಟ್ಟಗಳಿಗೂ ಇಟ್ಟರು.

ಇಂಥ ಕೊಡುಕೊಳ್ಳುವಿಕೆಯೇ ಪ್ರಾಯೋಜಕತ್ವ. ‘ಈ ಕಾರ್ಯಕ್ರಮದ ಪ್ರಾಯೋಜಕರು’ ಅಂತ ರೇಡಿಯೋದಲ್ಲಿ ಕೇಳಿದ್ದೇವಲ್ಲ, ಅದೇ ಪದ. ಆಡುಮಾತಿನಲ್ಲಿ ಸ್ಪಾನ್ಸರ್. ದಾನಿ ಕೊಟ್ಟು ಸುಮ್ಮನಾಗುತ್ತಾನೆ, ಪ್ರಾಯೋಜಕನಿಗೆ ಬದಲಿಗೆ ಪ್ರಚಾರ ಬೇಕು. (ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೆ ಹೆಸರು ಬರೆಸುವವರು ಯಾವ ಗುಂಪಿಗೆ ಸೇರುತ್ತಾರೋ, ನೀವೇ ಹೇಳಿ.)

ಧ್ರುವಯಾನವೆಂದರೆ ಹಡಗು, ಕಲ್ಲಿದ್ದಲು, ವರ್ಷಗಟ್ಟಲೆ ಊಟ. ಸರ್ಕಾರದ ಹಣ ಸಾಲುತ್ತಿರಲಿಲ್ಲ, ಕೆಲವು ಸಲ ಸಿಗುತ್ತಲೂ ಇರಲಿಲ್ಲ. 1829ರಲ್ಲಿ ಉತ್ತರ ಧ್ರುವ ಪ್ರದೇಶಕ್ಕೆ ಹೊರಟ ಜಾನ್ ರಾಸ್ ಅವರಿಗೆ ಬ್ರಿಟಿಷ್ ನೌಕಾಪಡೆ ಕೈಕೊಟ್ಟಾಗ ಹಣ ಹಾಕಿದವರು ಜಿನ್ ತಯಾರಕ ಫೆಲಿಕ್ಸ್ ಬೂತ್. ಕೆನಡಾದ ಬೂತಿಯಾ ಪರ್ಯಾಯ ದ್ವೀಪ ಅವರ ಹೆಸರಿನದು.

1910ರಲ್ಲಿ ದಕ್ಷಿಣ ಧ್ರುವಕ್ಕೆ ಹೊರಟ ಬ್ರಿಟನ್ನಿನ ರಾಬರ್ಟ್ ಸ್ಕಾಟ್ ತಂಡದ ಹೊತ್ತಿಗೆ ಇದು ಪಕ್ಕಾ ವ್ಯಾಪಾರವಾಗಿತ್ತು. ಹಂಟ್ಲಿ ಅಂಡ್ ಪಾಮರ್ಸ್ ಕಂಪನಿ ಅವರಿಗೆಂದೇ ಬಿಸ್ಕತ್ತು ಮಾಡಿತು. ಫ್ರೈ ಕಂಪನಿಯ ಕೋಕೋ ಬಂತು, ಹೈಂಜ್ ಬೀನ್ಸ್ ಡಬ್ಬಿಗಳೂ ಬಂದವು. ತಂಡದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ ಹಿಮದ ಅದ್ಭುತ ಚಿತ್ರಗಳ ಜೊತೆಗೆ ಇಂಥ ಡಬ್ಬಿಗಳ ಚಿತ್ರಗಳನ್ನೂ ತೆಗೆಯಬೇಕಿತ್ತು. ಆ ಚಳಿಯಲ್ಲಿ ಕೆಡದ ಬಿಸ್ಕತ್ತು ಅಂದರೆ ಅದಕ್ಕಿಂತ ಜಾಹೀರಾತು ಬೇಕೇ?

ಎಲ್ಲ ಸರಕೂ ಹೀಗೆ ಗೆಲ್ಲಲಿಲ್ಲ. ಬ್ರಿಟನ್ನಿನ ಇನ್ನೊಬ್ಬ ಧ್ರುವಯಾನಿ ಅರ್ನೆಸ್ಟ್ ಶ್ಯಾಕಲ್ಟನ್ 1907ರಲ್ಲಿ ಹೊರಟಾಗ ಉದ್ಯಮಿ ವಿಲಿಯಂ ಬಿಯರ್ಡ್‌ಮೋರ್ ಅವರ ಕಂಪನಿಯ ಆರೋಲ್-ಜಾನ್‌ಸ್ಟನ್ ಕಾರನ್ನು ಒಯ್ದರು. ಅಂಟಾರ್ಕ್ಟಿಕಾ ಕಂಡ ಮೊದಲ ಕಾರು ಅದು. ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿತು, ಮೆತ್ತನೆ ಹಿಮದಲ್ಲಿ ಹೂತುಹೋಯಿತು. ಆದರೆ ಸುಮಾರು 200 ಕಿ.ಮೀ. ಉದ್ದದ ಬಿಯರ್ಡ್‌ಮೋರ್ ಹಿಮನದಿ ಆ ಕಂಪನಿಯ ಮಾಲೀಕರ ಹೆಸರನ್ನು ಇಂದಿಗೂ ಹೊತ್ತಿದೆ.

ಬರ್ಡ್ ಕಾಲಕ್ಕೆ ರೇಡಿಯೋ ಬಂದಿತ್ತು. ಅಂಟಾರ್ಕ್ಟಿಕಾದಿಂದ ಪ್ರತಿ ವಾರ ಬರುತ್ತಿದ್ದ ಅವರ ಕಾರ್ಯಕ್ರಮವನ್ನು ಜನರಲ್ ಫುಡ್ಸ್ ಕಂಪನಿ ಪ್ರಾಯೋಜಿಸಿತು.

ಇನ್ನು ಸರ್ ಜೇಮ್ಸ್ ಕೇರ್ಡ್. ಸ್ಕಾಟ್ಲೆಂಡಿನ ಡಂಡೀ ಊರಿನ ಸೆಣಬಿನ ಉದ್ಯಮಿ. ಡಂಡೀ ಗಿರಣಿಗಳ ಸೆಣಬು ಹೋಗುತ್ತಿದ್ದದ್ದು ನಮ್ಮ ಬಂಗಾಳದಿಂದ. ಅವರು ಶ್ಯಾಕಲ್ಟನ್ ಅವರ ‘ಎಂಡ್ಯೂರೆನ್ಸ್’ ಹಡಗಿನ ಯಾನಕ್ಕೆ 24,000 ಪೌಂಡ್ ಕೊಟ್ಟರು, ಯಾವ ಷರತ್ತೂ ಹಾಕದೆ. ಲೆಕ್ಕಕ್ಕೆ ಅವರು ಪ್ರಾಯೋಜಕರಲ್ಲ, ದಾನಿ. ಶ್ಯಾಕಲ್ಟನ್ ಒಂದು ದೋಣಿಗೆ ಅವರ ಹೆಸರಿಟ್ಟರು. ಹಡಗು ಮುಳುಗಿದ ಮೇಲೆ, 1916ರ ಏಪ್ರಿಲ್‌ನಲ್ಲಿ ಆರು ಜನ ಸಹಾಯ ತರಲು ಸಾಗರಕ್ಕಿಳಿದದ್ದು ಅದೇ ‘ಜೇಮ್ಸ್ ಕೇರ್ಡ್’ ದೋಣಿಯಲ್ಲಿ. ಅವರು ಹೊರಟ ಅಂಟಾರ್ಕ್ಟಿಕಾ ಬಳಿಯ ಎಲಿಫೆಂಟ್ ದ್ವೀಪದಲ್ಲಿ ಉಳಿದಿದ್ದ 22 ಜನರೂ ಕೊನೆಗೆ ಬದುಕಿದರು. ಕೇರ್ಡ್ ಅದಕ್ಕೂ ಮುಂಚೆ, ಮಾರ್ಚ್‌ನಲ್ಲೇ ತೀರಿಕೊಂಡಿದ್ದರು.