ಎರಡು ಬಣ್ಣದ ಗ್ಲೌಸ್ ಕೈಗೆ ಹತ್ತದಿರುವುದು ಯಾಕೆ?

"ಮೇಡಂ, ಕೈ ಒಳಗೆ ಹೋಗ್ತಾನೇ ಇಲ್ಲ."

ನಾನು ಹೆಣಿಗೆ ಕಲಿಸುತ್ತೇನೆ, ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಇಂಥ ಮೆಸೇಜುಗಳು ಶುರು. ಜೊತೆಗೊಂದು ಫೋಟೊ. ಚೆಂದದ ಗ್ಲೌಸ್, ಹೂವಿನ ಡಿಸೈನ್ ಎಲ್ಲೂ ತಪ್ಪಿಲ್ಲ, ಮಣಿಕಟ್ಟಿನ ಅಂಚು ಅಚ್ಚುಕಟ್ಟು. ಆದರೆ ಅದು ಹೆಬ್ಬೆರಳ ಬುಡದ ಹತ್ತಿರ ಸಿಕ್ಕಿಹಾಕಿಕೊಂಡು ನಿಂತಿದೆ. ನಾನು ಕೇಳುವುದು ಒಂದೇ ಪ್ರಶ್ನೆ, ಸ್ಯಾಂಪಲ್ (ಅಳತೆ ನೋಡಲು ಮೊದಲೇ ಹೆಣೆಯುವ ಚಿಕ್ಕ ತುಂಡು) ಹಾಕಿದ್ರಾ? ಕೆಲವರು ಇಲ್ಲ ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸೋಮಾರಿತನ ಎಲ್ಲರಿಗೂ ಇರುತ್ತದೆ. ಆದರೆ "ಹಾಕಿದ್ದೆ ಮೇಡಂ, ಅಳತೆ ಸರಿಯಾಗೇ ಬಂದಿತ್ತು" ಅನ್ನುವವರು ಇದ್ದಾರಲ್ಲ, ಅವರ ಸ್ಯಾಂಪಲ್ ತರಿಸಿ ನೋಡಿದರೆ ಅದು ಒಂದೇ ಬಣ್ಣದ್ದು, ಹೋಗಿ ಬರುವ ಸಾಲಿನಲ್ಲಿ ಹೆಣೆದದ್ದು, ಒಂದು ಹನಿ ನೀರು ಕಾಣದ್ದು. ಅದು ಬೇರೆ ಬಟ್ಟೆಯ ಸ್ಯಾಂಪಲ್. ನಿಮ್ಮ ಗ್ಲೌಸಿನದ್ದಲ್ಲ.

ನಿಟ್ (ಸೀದಾ ಹೆಣಿಗೆ), ಪರ್ಲ್ (ಉಲ್ಟಾ ಹೆಣಿಗೆ), ಸ್ಟಿಚ್ ಎತ್ತುವುದು, ಗುಂಡಗೆ ಅಂದರೆ ಸುತ್ತಿನಲ್ಲಿ ಕೊಳವೆಯ ಹಾಗೆ ಹೆಣೆಯುವುದು ಇವೆಲ್ಲ ಬರುತ್ತದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಬರದಿದ್ದರೆ ಮೊದಲು ಒಂದು ಟೋಪಿ ಹೆಣೆಯಿರಿ, ಆಮೇಲೆ ಈ ಕಡೆ ಬನ್ನಿ.

ಈಗ ವಿಷಯಕ್ಕೆ. ಎರಡು ಬಣ್ಣದಲ್ಲಿ ಹೆಣೆಯುವಾಗ ಒಂದು ಬಣ್ಣ ಮುಂದೆ ಸ್ಟಿಚ್ ಆಗುತ್ತಿರುತ್ತದೆ, ಇನ್ನೊಂದು ಬಣ್ಣದ ಎಳೆ ತನ್ನ ಸರದಿ ಬರುವ ತನಕ ಹಿಂದೆ ಅಡ್ಡಡ್ಡ ಹಾಯ್ದು ಹೋಗುತ್ತದೆ. ಸ್ಟಿಚ್ ಅಂದರೆ ಕುಣಿಕೆ, ಎಳೆದರೆ ಹಿಗ್ಗುತ್ತದೆ. ಹಿಂದೆ ಹಾಯುವ ಎಳೆಗೆ ಕುಣಿಕೆ ಇಲ್ಲ. ಅದು ಸುಮ್ನೆ ಒಂದು ದಾರ. ನೀವು ಅದನ್ನು ಸ್ವಲ್ಪ ಬಿಗಿಯಾಗಿ ಎಳೆದರೂ ಸಾಕು, ಲಾಡಿ ಎಳೆದ ಲಂಗದ ಹಾಗೆ ಮುಂದಿನ ಬಟ್ಟೆಯೆಲ್ಲ ನೆರಿಗೆ ಕಟ್ಟಿಕೊಂಡು ಚಿಕ್ಕದಾಗುತ್ತದೆ. ಬಿಗಿ ಎಳೆಯದೆ ಚೆನ್ನಾಗಿ ಹೆಣೆದರೂ ಈ ಬಟ್ಟೆ ಒಂದೇ ಬಣ್ಣದ ಹೆಣಿಗೆಯಷ್ಟು ಹಿಗ್ಗುವುದಿಲ್ಲ. ಒಂದೇ ಬಣ್ಣದ ಗ್ಲೌಸ್ ಕೈಗಿಂತ ಎರಡು ಸೆಂಟಿಮೀಟರ್ ಚಿಕ್ಕದಿದ್ದರೂ ಹಿಗ್ಗಿ ಕೂರುತ್ತದೆ, ಎಷ್ಟೋ ಸಲ ಹಾಗೇ ಚೆಂದ ಕೂಡ. ಎರಡು ಬಣ್ಣದ್ದು ಹಾಗಲ್ಲ. ಅದು ಕೈಯ ಸುತ್ತಳತೆಯಷ್ಟೇ ಇರಬೇಕು, ನನ್ನ ಪ್ರಕಾರ ಅರ್ಧ ಸೆಂಟಿಮೀಟರ್ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಲೆಕ್ಕ ಹಾಕಿ ನೋಡಿ. ಪ್ಯಾಟರ್ನ್‌ನಲ್ಲಿ, ಅಂದರೆ ಹೆಣೆಯುವ ಸೂಚನೆಯಲ್ಲಿ, 60 ಸ್ಟಿಚ್ ಅಂತ ಇದೆ, 10 ಸೆಂಟಿಮೀಟರಿಗೆ 32 ಸ್ಟಿಚ್ ಬರಬೇಕು ಅಂತಲೂ ಇದೆ. ಅಂದರೆ ಸುತ್ತಳತೆ 18.75 ಸೆಂಟಿಮೀಟರ್. ನಿಮ್ಮ ಒಂದೇ ಬಣ್ಣದ ಸ್ಯಾಂಪಲ್‌ನಲ್ಲಿ 32 ಬಂತು, ಖುಷಿಯಾಯಿತು, ಶುರುಮಾಡಿದಿರಿ. ಆದರೆ ಎರಡು ಬಣ್ಣ ಹಿಡಿದು ಸುತ್ತಿನಲ್ಲಿ ಹೆಣೆಯುವಾಗ ಅದೇ ಕೈ, ಅದೇ ಕಡ್ಡಿ, 36 ಬರಬಹುದು. ಆಗ ಅದೇ 60 ಸ್ಟಿಚ್‌ಗೆ ಸಿಗುವುದು 16.7 ಸೆಂಟಿಮೀಟರ್. ಹೋಯಿತು ಎರಡು ಸೆಂಟಿಮೀಟರ್! 19 ಸೆಂಟಿಮೀಟರಿನ ಕೈ ಅದರೊಳಗೆ ಹೇಗೆ ಹೋಗಬೇಕು, ನೀವೇ ಹೇಳಿ.

ಇಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬಹಳ ಜನರ ಪರ್ಲ್ ಸಾಲು ನಿಟ್ ಸಾಲಿಗಿಂತ ಸಡಿಲ. ಹೋಗಿ ಬರುವ ಹೆಣಿಗೆಯಲ್ಲಿ ಎರಡೂ ಬೆರೆತು ಅಳತೆ ಒಂದು ರೀತಿ ಬರುತ್ತದೆ. ಗ್ಲೌಸ್ ಗುಂಡಗೆ ಹೆಣೆಯುವುದರಿಂದ ಅಲ್ಲಿ ಪರ್ಲ್ ಸಾಲೇ ಇಲ್ಲ, ಹಾಗಾಗಿ ಬಟ್ಟೆ ಇನ್ನೂ ಬಿಗಿ. ಆದ್ದರಿಂದ ಸ್ಯಾಂಪಲ್ ಎರಡು ಬಣ್ಣದಲ್ಲಿರಬೇಕು, ಅದೇ ಡಿಸೈನ್ ಆಗಿರಬೇಕು, ಸುತ್ತಿನಲ್ಲೇ ಹೆಣೆದಿರಬೇಕು, ತೊಳೆದು ಒಣಗಿಸಿದ ಮೇಲೆ ಅಳೆದಿರಬೇಕು. ಇದನ್ನು ಕ್ಲಾಸಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಜಯನಗರದಿಂದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಬರುತ್ತಿದ್ದರು. (ಗಂಡಸರು ಹೆಣೀತಾರಾ ಅಂತ ಕೇಳಬೇಡಿ, ಚೆನ್ನಾಗಿಯೇ ಹೆಣೆಯುತ್ತಾರೆ.) ಟೊರಾಂಟೊದಲ್ಲಿರುವ ಮಗಳಿಗೆ ಗ್ಲೌಸ್ ಮಾಡಬೇಕೆಂದು ಅವರಿಗೆ ಆಸೆ. ವಿಡಿಯೊ ಕಾಲ್‌ನಲ್ಲಿ ಮಗಳ ಕೈಗೆ ಟೇಪ್ ಸುತ್ತಿಸಿ ಅಳತೆ ತೆಗೆದುಕೊಂಡಿದ್ದರು, ನೋಟ್‌ಬುಕ್‌ನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಕಾಲಂ. ಅಷ್ಟು ಲೆಕ್ಕದ ಮನುಷ್ಯ. "ಸರ್, ಒಂದ್ಸಲ ಎರಡು ಬಣ್ಣದಲ್ಲಿ ಸ್ಯಾಂಪಲ್ ಹಾಕಿ ನೋಡಿ" ಅಂದೆ. "ಅಯ್ಯೋ, ಅಷ್ಟೊತ್ತಿಗೆ ಅರ್ಧ ಗ್ಲೌಸೇ ಆಗುತ್ತಲ್ಲ ಮೇಡಂ!" ಅಂದರು. ಆಯಿತು. ಆ ಜೊತೆ ಕೊನೆಗೆ ಅವರ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗಿಯ ಕೈ ಸೇರಿತು. ಅವಳಿಗೆ ಸರಿಯಾಗಿ ಕೂತಿತ್ತು, ಏಳನೇ ಕ್ಲಾಸಿನ ಹುಡುಗಿ. ಎರಡನೇ ಜೊತೆಗೆ ಅವರು ನಾನು ಹೇಳುವ ಮೊದಲೇ ಸ್ಯಾಂಪಲ್ ತಂದು ಟೇಬಲ್ ಮೇಲಿಟ್ಟರು, ಇಸ್ತ್ರಿ ಹಾಕಿ! ಅಕ್ರಿಲಿಕ್ ಉಲ್ಲನ್‌ಗೆ ಬಿಸಿ ಇಸ್ತ್ರಿ ತಾಗಿಸಿದರೆ ಅದರ ಜೀವವೇ ಹೋಗುತ್ತದೆ. ಮತ್ತೆ ಹಾಕಿಸಿದೆ, ಪಾಪ.

ಅವರ ಮಾತಲ್ಲೂ ಒಂದು ಸತ್ಯ ಇದೆ ಅನ್ನಿ. ಗ್ಲೌಸಿನಂಥ ಚಿಕ್ಕ ವಸ್ತುವಿಗೆ ಗ್ಲೌಸೇ ಸ್ಯಾಂಪಲ್ ಆಗಬಹುದು. ಹೆಬ್ಬೆರಳ ತನಕ ಹೆಣೆಯಿರಿ, ಸ್ಟಿಚ್‌ಗಳನ್ನು ಬೇರೆ ದಾರಕ್ಕೆ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ನೆರಳಲ್ಲಿ ಹಾಸಿ ಒಣಗಿಸಿ, ಆಮೇಲೆ ಕೈಗೆ ಹಾಕಿ ನೋಡಿ. ಸರಿಯಿಲ್ಲದಿದ್ದರೆ ಬಿಚ್ಚುವ ಧೈರ್ಯ ಇರಬೇಕು, ಅಷ್ಟೆ. ಆ ಧೈರ್ಯ ಇಲ್ಲದವರು ಬೇರೆ ಸ್ಯಾಂಪಲ್ ಹಾಕುವುದೇ ವಾಸಿ.

ಬಿಗಿಯಾದರೆ ಏನು ಮಾಡಬೇಕು? ಎಲ್ಲರೂ ಮೊದಲು ಮಾಡುವುದು ನಾಲ್ಕು ಸ್ಟಿಚ್ ಜಾಸ್ತಿ ಹಾಕುವುದು. ಡಿಸೈನ್ 12 ಸ್ಟಿಚ್‌ಗೊಮ್ಮೆ ಮರಳಿ ಬರುವಂಥದ್ದಾದರೆ 60ರಲ್ಲಿ ಸರಿಯಾಗಿ ಐದು ಸಲ ಬರುತ್ತದೆ, 64ರಲ್ಲಿ ನಾಲ್ಕು ಸ್ಟಿಚ್ ಅನಾಥ. ಅದರ ಬದಲು ಕಡ್ಡಿ ಬದಲಿಸಿ, ಸ್ವಲ್ಪ ದಪ್ಪದ್ದು ಹಿಡಿಯಿರಿ. 2 ಮಿಲಿಮೀಟರಿನಿಂದ 2.25ಕ್ಕೆ, ಬೇಕಿದ್ದರೆ 2.5ಕ್ಕೆ ಹೋಗಿ. ನಮ್ಮ ಚಿಕ್ಕಪೇಟೆ ಅಂಗಡಿಗಳಲ್ಲಿ ಕಡ್ಡಿ ಕೇಳುವಾಗ ಹುಷಾರು. ಇಲ್ಲಿ ಸಿಗುವ ಕಡ್ಡಿಗಳಿಗೆ ಹೆಚ್ಚಾಗಿ ಹಳೇ ಬ್ರಿಟಿಷ್ ನಂಬರ್, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 14 ಅಂದರೆ 2 ಮಿಲಿಮೀಟರ್, 13 ಅಂದರೆ 2.25. ಅಮೆರಿಕದ ಪ್ಯಾಟರ್ನ್‌ನಲ್ಲಿ ಅದೇ 2.25ಕ್ಕೆ 1 ಅಂತ ಬರೆದಿರುತ್ತಾರೆ. ನಂಬರ್ ಬಿಡಿ, ಮಿಲಿಮೀಟರ್ ಕೇಳಿ. ಉಲ್ಲನ್ ಲೇಬಲ್ ಮೇಲಿನ "4 ಪ್ಲೈ" ಅನ್ನುವುದನ್ನೂ ಪೂರ್ತಿ ನಂಬಬೇಡಿ, ಕಂಪನಿಯಿಂದ ಕಂಪನಿಗೆ ದಪ್ಪ ಬೇರೆ.

ಕಡ್ಡಿ ಬದಲಿಸಿದರೂ ಬಿಗಿಯೇ ಬರುತ್ತಿದ್ದರೆ ಹೆಣಿಗೆಯನ್ನು ಒಳಹೊರಗು ಮಾಡಿ, ಎಳೆ ಹಾಯುವ ಬದಿ ಹೊರಗೆ ಇರುವ ಹಾಗೆ ಹಿಡಿದು ಹೆಣೆಯಿರಿ. ಆಗ ಎಳೆಗಳು ಹೊರಸುತ್ತಿನಲ್ಲಿ ಹೋಗಬೇಕಾಗುತ್ತದೆ, ತಾವಾಗಿಯೇ ಸ್ವಲ್ಪ ಉದ್ದ ಉಳಿಯುತ್ತವೆ. ಬೆರಳುಗಳಿಗಂತೂ ಇದು ತುಂಬಾ ಉಪಯೋಗ. ಒಂದು ಎಳೆ ಐದಾರು ಸ್ಟಿಚ್‌ಗಿಂತ ಜಾಸ್ತಿ ದೂರ ಹಾಯುತ್ತಿದ್ದರೆ ನಡುವೆ ಒಮ್ಮೆ ಅದನ್ನು ಹೆಣೆಯುತ್ತಿರುವ ಎಳೆಯ ಜೊತೆ ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಗ್ಲೌಸ್ ಹಾಕುವಾಗ ಬೆರಳು ಅದರೊಳಗೆ ಸಿಕ್ಕುತ್ತದೆ.

ಕಾಗದದ ಮೇಲೆ ಕೈ ಇಟ್ಟು ಪೆನ್ಸಿಲ್‌ನಿಂದ ಗೀಚಿ ಕಳಿಸುವವರಿಗೆ ಒಂದು ಮಾತು. ಅದರಲ್ಲಿ ಬೆರಳಿನ ಉದ್ದ ಸಿಗುತ್ತದೆ, ಸುತ್ತಳತೆ ಸಿಗುವುದಿಲ್ಲ. ಕೈಗೆ ದಪ್ಪ ಅಂತ ಒಂದಿದೆ. ಹೆಬ್ಬೆರಳು ಬಿಟ್ಟು, ನಾಲ್ಕು ಬೆರಳ ಗಿಣ್ಣಿನ ಮೇಲೆ ಟೇಪ್ ಸುತ್ತಿ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ, ಗ್ಲೌಸ್ ಬೇಡ, ಮಿಟ್ಟನ್ ಮಾಡಿ. ನಾಲ್ಕು ಬೆರಳಿಗೂ ಒಂದೇ ಚೀಲ, ತಪ್ಪು ಬಿದ್ದರೂ ಹೊಂದಿಕೊಳ್ಳುತ್ತದೆ. 2006ರಲ್ಲಿ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ನೇಟೊ ಸೇನಾ ಒಕ್ಕೂಟದ ಸಭೆ ನಡೆದಾಗ ಬಂದ ಅತಿಥಿಗಳಿಗೆ ಕೈಯಲ್ಲಿ ಹೆಣೆದ 4500ಕ್ಕೂ ಹೆಚ್ಚು ಜೊತೆ ಲಾಟ್ವಿಯಾದ ಮಿಟ್ಟನ್ ಕೊಟ್ಟಿದ್ದರು. ಅಷ್ಟು ಜನರ ಅಳತೆ ತೆಗೆದು ಹೆಣೆಯಲಿಕ್ಕೆ ಆಗುತ್ತಾ? ಮಿಟ್ಟನ್ ಆದ್ದರಿಂದ ನಡೆಯಿತು ಅಂತ ನನ್ನ ಅಂದಾಜು. ನಾರ್ವೆಯ ಸೆಲ್ಬು ಊರಿನ ಎಂಟೆಸಳಿನ ಹೂವು, 1857ರಲ್ಲಿ ಮಾರಿತ್ ಎಮ್‌ಸ್ಟಾಡ್ ಎಂಬ ಹುಡುಗಿ ಶುರುಮಾಡಿದಳು ಅನ್ನುತ್ತಾರಲ್ಲ, ಅದು ಹೆಸರಾದದ್ದೂ ಮಿಟ್ಟನ್ ಮೇಲೆಯೇ. ಸ್ಕಾಟ್ಲೆಂಡಿನ ಸ್ಯಾಂಕರ್ ಊರಿನ ಗ್ಲೌಸ್ ನೋಡಿದ್ದೀರಾ? ಸಣ್ಣ ಸಣ್ಣ ಚೌಕಗಳು, ಬೆರಳುಗಳ ಮೇಲೂ ಡಿಸೈನ್, ಮಣಿಕಟ್ಟಿನಲ್ಲಿ ಹಾಕಿಕೊಳ್ಳುವವರ ಇನಿಷಿಯಲ್. ನೋಡಿ ಮರುಳಾಗಿ ಅದನ್ನೇ ಮೊದಲು ಹಿಡಿಯುವವರು ಜಾಸ್ತಿ. ಬೇಡ, ಸ್ವಲ್ಪ ಕಾಯಿರಿ.

ಬೆರಳು ಬಂದಾಗ ನೆನಪಿಡಬೇಕಾದ್ದು ಇಷ್ಟೇ. ಕಿರುಬೆರಳು ಉಳಿದ ಮೂರಕ್ಕಿಂತ ಅರ್ಧ ಸೆಂಟಿಮೀಟರಿನಷ್ಟಾದರೂ ಕೆಳಗೆ ಶುರುವಾಗಬೇಕು, ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಎರಡು ಬೆರಳ ನಡುವೆ ಎರಡು ಮೂರು ಹೊಸ ಸ್ಟಿಚ್ ಹಾಕಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಎಳೆಯುತ್ತದೆ. ಹೆಣಿಗೆ ಉಗುರಿನ ಮಧ್ಯಕ್ಕೆ ಬಂದಾಗ ಸ್ಟಿಚ್ ಕಡಿಮೆ ಮಾಡಲು ಶುರುಮಾಡಿ.

ಮೊದಲ ಕೈ ಮುಗಿದ ಕೂಡಲೇ ಎರಡನೇದು ಹಿಡಿಯಿರಿ. ತಿಂಗಳು ಬಿಟ್ಟು ಕೂತರೆ ಕೈಯ ಬಿಗಿ ಬದಲಾಗಿರುತ್ತದೆ, ಒಂದು ದೊಡ್ಡದು ಒಂದು ಚಿಕ್ಕದು ಆಗುತ್ತದೆ. ಹಾಂ, ಎರಡನೇದರಲ್ಲಿ ಹೆಬ್ಬೆರಳು ಎದುರು ಬದಿಗೆ ಬರಬೇಕು. ಇದನ್ನೂ ಬರೆಯಬೇಕಾ ಅನ್ನಬೇಡಿ, ಎರಡೂ ಎಡಗೈ ಹೆಣೆದು ತಂದವರಿದ್ದಾರೆ. ಹೆಬ್ಬೆರಳು ಸರಿಯಾಗಿ ಪಕ್ಕದಲ್ಲಿದ್ದು, ಎರಡೂ ಬದಿಗೆ ಒಂದೇ ಡಿಸೈನ್ ಇದ್ದರೆ ತಿರುಗಿಸಿ ಹಾಕಿಕೊಳ್ಳಬಹುದು. ಹೂವು ಕೈಯ ಮೇಲ್ಬದಿಗೆ ಮಾತ್ರ ಇದ್ದರೆ ಬಿಚ್ಚಲೇಬೇಕು, ನನಗೆ ಫೋಟೊ ಕಳಿಸಿ ಪ್ರಯೋಜನ ಇಲ್ಲ.